ಅಪರಾಧಿ ಸಿಗದಿದ್ದರೂ ಪರಿಹಾರ ಕೇಳಬಹುದು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಬದುವಿನ ಜಗಳಕ್ಕೆ, ಪಾಲಿನ ಜಗಳಕ್ಕೆ ಆ ಮಾತು ನಿಜವೇ. ಆದರೆ ಕೊಲೆ, ಸುಲಿಗೆಯಂಥ ಕೇಸಿಗೂ ಅದೇ ಮಾತು ಹೇಳಿಕೊಂಡು ಮನೆಯಲ್ಲಿ ಕೂತುಬಿಡುವವರು ನಮ್ಮಲ್ಲಿ ಬಹಳ ಜನ. ಇಂಥ ಕೇಸನ್ನು ನಡೆಸುವುದು ಸರ್ಕಾರ. ವಾದ ಮಾಡುವವರು ಸರ್ಕಾರಿ ವಕೀಲರು. ನೊಂದವರು ಅವರಿಗೆ ಫೀಜು ಕೊಡಬೇಕಾಗಿಲ್ಲ. ಅದರ ಮೇಲೆ ನೊಂದ ಕುಟುಂಬಕ್ಕೆ ಸರ್ಕಾರದಿಂದಲೇ ಪರಿಹಾರ ಕೊಡುವ ಕಾನೂನು ಇದೆ. ಇದು ಎಷ್ಟು ಜನಕ್ಕೆ ಗೊತ್ತು?

ನನಗೂ ಗೊತ್ತಾಗಿದ್ದು ಪಕ್ಕದ ಊರಿನ ಒಬ್ಬ ಹೆಣ್ಣುಮಗಳ ಕೇಸಿನಿಂದ. 2022ರಲ್ಲಿ ಶೇಂಗಾ ಕಿತ್ತು ಹೊಲದಲ್ಲೇ ರಾಶಿ ಹಾಕಿದ್ದರು. ಕಾವಲಿಗೆ ಮಲಗಿದ್ದ ಗಂಡನನ್ನು ರಾತ್ರಿ ಯಾರೋ ಹೊಡೆದು ಚೀಲಗಳನ್ನು ಹೊತ್ತೊಯ್ದರು. ಆಸ್ಪತ್ರೆಯಲ್ಲಿ ಆತ ಉಳಿಯಲಿಲ್ಲ. ಮನೆಯಲ್ಲಿ ಎರಡು ಮಕ್ಕಳು, ಮಳೆ ನಂಬಿದ ಎರಡೆಕರೆ, ಸಂಘದ ಸಾಲ. ಪೊಲೀಸರು ಹುಡುಕಿದರು, ಯಾರೂ ಸಿಗಲಿಲ್ಲ. ಕಡೆಗೆ 'ಸಿ' ರಿಪೋರ್ಟು ಹಾಕಿದರು. ಅಪರಾಧ ಆಗಿರುವುದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಅಂತ ಅದರ ಅರ್ಥ. 'ಬಿ' ರಿಪೋರ್ಟು ಬೇರೆ, ಅದು ದೂರೇ ಸುಳ್ಳು ಎಂದು ಕೇಸು ಮುಚ್ಚುವಾಗ ಹಾಕುವುದು. ಎರಡನ್ನೂ ಒಂದೇ ಅಂತ ತಿಳಿದವರು ಊರಲ್ಲಿ ಬೇಕಾದಷ್ಟು ಮಂದಿ.

ಕಳ್ಳರೇ ಸಿಗಲಿಲ್ಲ, ಇನ್ನು ಯಾರ ಹತ್ತಿರ ಏನು ಕೇಳ್ತೀಯಾ ಅಂತ ಊರವರು ಆಕೆಗೆ ಹೇಳಿದರು. ತಾಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಅಂತ ಬೋರ್ಡು ಹಾಕಿರುವುದನ್ನು ನಾನು ಕಂಡಿದ್ದೆ. ಕೇಳಿದರೆ ಕಳೆದುಕೊಳ್ಳುವುದೇನು ಅಂತ ಆಕೆಯನ್ನೂ ಆಕೆಯ ಅಣ್ಣನನ್ನೂ ಕರೆದುಕೊಂಡು ಹೋದೆ. ಅಲ್ಲಿದ್ದ ವಕೀಲರು ಕಾಗದ ತಿರುವಿ ನೋಡಿ ಅಂದ ಮೊದಲ ಮಾತೇ ಇದು: ಅಪರಾಧಿ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೂ ಸತ್ತವರ ಅವಲಂಬಿತರು ಪರಿಹಾರಕ್ಕೆ ಅರ್ಜಿ ಕೊಡಬಹುದು.

ಈ ಕಾನೂನು ಹೊಸದೇನಲ್ಲ. ದಂಡ ಪ್ರಕ್ರಿಯಾ ಸಂಹಿತೆಗೆ 357-ಎ ಎಂಬ ಕಲಮು ಸೇರಿ 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ನಮ್ಮ ರಾಜ್ಯದ ಸಂತ್ರಸ್ತರ ಪರಿಹಾರ ಯೋಜನೆ 2011ರದ್ದು. 2024ರ ಜುಲೈ 1ರಿಂದ ಹಳೇ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಇದು 396ನೇ ಕಲಮು. ನಂಬರು ಬದಲಾಗಿದೆ, ಹಕ್ಕು ಹಾಗೇ ಇದೆ. ಹಣ ಬರುವುದು ಅಪರಾಧಿಯ ಜೇಬಿನಿಂದಲ್ಲ, ಸರ್ಕಾರದ ನಿಧಿಯಿಂದ. ಎಷ್ಟು ಎಂದು ಗೊತ್ತು ಮಾಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದು ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು ಅಂತ ಕಾನೂನಿನಲ್ಲೇ ಇದೆ. ನಡೆಯುವುದು ಅದಕ್ಕಿಂತ ನಿಧಾನ, ಅದನ್ನೂ ಹೇಳಿಬಿಡುತ್ತೇನೆ. ಈಕೆಯ ವಿಷಯದಲ್ಲಿ ಪೂರಾ ಒಂದು ಮುಂಗಾರು ಕಳೆಯಿತು.

ತಡವಾಗಿದ್ದು ಬಹುಪಾಲು ಕಾಗದಕ್ಕೆ. ಎಫ್‌ಐಆರ್ ನಕಲು, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, 'ಸಿ' ರಿಪೋರ್ಟಿನ ನಕಲು, ವಂಶವೃಕ್ಷ, ಆಸ್ಪತ್ರೆ ಬಿಲ್ಲು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಇಷ್ಟನ್ನೂ ಜೋಡಿಸಬೇಕಾಯಿತು. ಎಫ್‌ಐಆರ್ ನಕಲನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು, ಇದು ಕಾನೂನು. ಆದರೆ ಠಾಣೆಯಲ್ಲಿ ನಾಳೆ ಬಾ ಅಂತ ಮೂರು ಸಲ ಅಲೆಸಿದರು. ವಕೀಲರು ಒಂದು ಕಾಗದ ಬರೆದುಕೊಟ್ಟ ಮೇಲೆ ಅದೇ ದಿನ ಸಿಕ್ಕಿತು. ಆಸ್ಪತ್ರೆ ಬಿಲ್ಲುಗಳನ್ನು ಆಕೆ ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದಳು, ಅದು ಬಹಳ ಉಪಯೋಗಕ್ಕೆ ಬಂತು. ಕಡೆಗೆ ಹಣ ಆಕೆಯ ಖಾತೆಗೇ ಬಂತು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ಆಕೆಯ ಮನೆ ವಿಷಯ. ಸಂಘದ ಸಾಲ ತೀರಿ ಮಕ್ಕಳ ಹೆಸರಲ್ಲಿ ಒಂದಿಷ್ಟು ಠೇವಣಿ ಆಯಿತು ಅಂದರೆ ಸಾಕು.

ವಕೀಲರಿಗೆ ಆಕೆ ಏನೂ ಕೊಡಲಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು ಇವರಿಗೆಲ್ಲ ವಕೀಲರ ನೆರವು ಪುಕ್ಕಟೆ. ಇವರ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಉಳಿದವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯ 3 ಲಕ್ಷ ರೂಪಾಯಿಯೊಳಗೆ ಇರಬೇಕು. ಇನ್ನೊಂದು ಮಾತು ನಮ್ಮಂಥವರಿಗೇ ಬರೆದ ಹಾಗಿದೆ. ಪ್ರವಾಹ, ಬರ, ಭೂಕಂಪದಿಂದ ನೊಂದವರೂ ಆ ಪಟ್ಟಿಯಲ್ಲಿ ಇದ್ದಾರೆ. ಬರ ನಮ್ಮ ಕಡೆ ಕರೆಯದೆ ಬರುವ ನೆಂಟ. ಆದರೂ ಆ ಹೆಸರಿನಲ್ಲಿ ವಕೀಲರನ್ನು ಕೇಳಿದ ರೈತನನ್ನು ನಾನು ಇದುವರೆಗೆ ಕಂಡಿಲ್ಲ.

ಪ್ರಾಧಿಕಾರ ನೇಮಿಸಿದ ವಕೀಲರಿಗೆ ಪ್ರಾಧಿಕಾರವೇ ಹಣ ಕೊಡುತ್ತದೆ. ಯಾರಾದರೂ ಖರ್ಚಿಗೆ ಅಂತ ಕೈ ಚಾಚಿದರೆ ಸಮಿತಿಗೇ ಬರೆದುಕೊಡಿ, ವಕೀಲರನ್ನು ಬದಲಾಯಿಸಿ ಅಂತ ಕೇಳಿ. ಪುಕ್ಕಟೆ ಅಂದಮೇಲೆ ತಗ್ಗಿ ನಿಂತುಕೊಂಡೇ ಕೇಳಬೇಕು ಅಂತೇನಿಲ್ಲ.

ಪೆಟ್ಟು ತಿಂದವರು ಬದುಕಿದ್ದು ಚಿಕಿತ್ಸೆಗೆ ಕಾಸಿಲ್ಲದಿದ್ದರೆ ಪರಿಹಾರದ ತನಕ ಕಾಯಬೇಕಾಗಿಲ್ಲ. ಠಾಣಾಧಿಕಾರಿಯೋ ಮ್ಯಾಜಿಸ್ಟ್ರೇಟರೋ ಪ್ರಮಾಣಪತ್ರ ಕೊಟ್ಟರೆ ಪುಕ್ಕಟೆ ಚಿಕಿತ್ಸೆಗೆ ಪ್ರಾಧಿಕಾರ ಆದೇಶ ಮಾಡಬಹುದು. ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗಂತೂ ಸರ್ಕಾರಿ ಆಸ್ಪತ್ರೆ ಆಗಲಿ ಖಾಸಗಿ ಆಸ್ಪತ್ರೆ ಆಗಲಿ ಹಣ ಕೇಳದೆ ತಕ್ಷಣ ಚಿಕಿತ್ಸೆ ಕೊಡಲೇಬೇಕು. ಇಂಥ ಹೆಣ್ಣುಮಕ್ಕಳಿಗೆ 2018ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಬೇರೆ ಯೋಜನೆಯನ್ನೇ ಮಾಡಿತು. ಅದರಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಪ್ರಾಣ ಹೋದರೆ 5ರಿಂದ 10 ಲಕ್ಷ ಅಂತ ಗೊತ್ತು ಮಾಡಿದ್ದಾರೆ.

ನಮ್ಮ ಕಡೆ ಏನೇ ಆದರೂ ಮೊದಲು ಕಟ್ಟೆ ಪಂಚಾಯ್ತಿ. ಹಿರಿಯರು ಇಷ್ಟು ದುಡ್ಡು ಕೊಡಿಸುತ್ತೇವೆ, ದೂರು ಬೇಡ ಅನ್ನುತ್ತಾರೆ. ಕೊಲೆ, ಅತ್ಯಾಚಾರದ ಕೇಸನ್ನು ರಾಜಿ ಮಾಡಲು ಲೋಕ ಅದಾಲತ್ತಿಗೇ ಅಧಿಕಾರವಿಲ್ಲ, ಕಟ್ಟೆಗೆ ಎಲ್ಲಿಂದ ಬರಬೇಕು? ದೂರು ದಾಖಲಾಗದಿದ್ದರೆ ಪರಿಹಾರದ ದಾರಿ ಕಷ್ಟ. ಠಾಣೆಯವರು ನಮ್ಮ ಸರಹದ್ದಲ್ಲ ಅಂದರೆ ಒಪ್ಪಬೇಡಿ, ಯಾವ ಠಾಣೆಯಲ್ಲಿಯಾದರೂ ದೂರು ತಗೊಳ್ಳಬೇಕು. ತಗೊಳ್ಳಲೇ ಇಲ್ಲ ಅಂದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು ಎಂದೂ ಹೊಸ ಸಂಹಿತೆಯಲ್ಲಿ ಇದೆ. 'ಬಿ' ಆಗಲಿ 'ಸಿ' ಆಗಲಿ, ರಿಪೋರ್ಟು ಹಾಕಿದ ಮೇಲೆ ದೂರುದಾರರಿಗೆ ನೋಟೀಸು ಬರುತ್ತದೆ. ಅದನ್ನು ಜಂತೆಗೆ ಸಿಕ್ಕಿಸಿ ಸುಮ್ಮನೆ ಕೂರಬೇಡಿ. ಒಪ್ಪಿಗೆ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಹಾಕಬಹುದು. ಅದಕ್ಕೂ ಪುಕ್ಕಟೆ ವಕೀಲರು ಸಿಗುತ್ತಾರೆ.

ಅರ್ಜಿಗೆ ಗಡುವು ಇರುತ್ತದೆ, ಆದ್ದರಿಂದ ಕರ್ಮಾಂತರ ಮುಗಿದ ವಾರವೇ ಹೋಗಿ ವಿಚಾರಿಸುವುದು ಒಳ್ಳೆಯದು. ತಾಲೂಕು ಕೋರ್ಟಿನಲ್ಲಿ ಸಮಿತಿ ಕಚೇರಿ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ಹೋಗಲಾಗದವರು 15100ಕ್ಕೆ ಫೋನು ಮಾಡಬಹುದು, ದುಡ್ಡು ಬೀಳುವುದಿಲ್ಲ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೆ ಅದಕ್ಕೆ ಬೇರೆ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಆ ಅರ್ಜಿ ಹೇಗೆ, ಎಲ್ಲಿ ಕೊಡಬೇಕು ಅನ್ನುವುದನ್ನೂ ಇದೇ ಸಮಿತಿಯಲ್ಲಿ ಕೇಳಿ ತಿಳಿಯಬಹುದು.