ಸಹಾನುಭೂತಿ: ಕನಿಕರಕ್ಕಿಂತ ಹಿರಿದಾದ ಪದ

ಅಪಘಾತದ ವರದಿಯಲ್ಲಿ ‘ಸಹಾನುಭೂತಿ’, ಚುನಾವಣಾ ವಿಶ್ಲೇಷಣೆಯಲ್ಲಿ ‘ಅನುಕಂಪದ ಅಲೆ’, ಗಣ್ಯರು ನಿಧನರಾದಾಗ ‘ಸಂತಾಪ’. ಈ ಪದಗಳನ್ನು ನಾವು ದಿನನಿತ್ಯ ಓದುತ್ತೇವೆ. ಇವೆಲ್ಲವೂ ಕನಿಕರದ ಪರ್ಯಾಯಗಳೆಂದೇ ಬಹುಮಂದಿಯ ಭಾವನೆ. ಆದರೆ ಇವುಗಳ ನಡುವಿನ ಅಂತರ ಸಣ್ಣದಲ್ಲ.

ಸಹ ಮತ್ತು ಅನುಭೂತಿ ಸೇರಿ, ಸವರ್ಣದೀರ್ಘ ಸಂಧಿಯಿಂದ ‘ಸಹಾನುಭೂತಿ’ ಆಗಿದೆ. ಅನುಭೂತಿ ಎಂದರೆ ಅನುಭವ. ಮತ್ತೊಬ್ಬರ ಅನುಭವದಲ್ಲಿ ಜೊತೆಗೂಡುವುದೇ ಇದರ ಮೂಲಾರ್ಥ. ಅದು ದುಃಖವೇ ಆಗಿರಬೇಕೆಂಬ ನಿಯಮ ಪದದೊಳಗೆ ಇಲ್ಲ. ನೆರೆಮನೆಯವರ ಸಂತೋಷದಲ್ಲಿ ಮನಃಪೂರ್ವಕ ಪಾಲ್ಗೊಳ್ಳುವುದೂ ಸಹಾನುಭೂತಿಯೇ. ಬಳಕೆ ಮಾತ್ರ ಅದನ್ನು ದುಃಖಕ್ಕೆ ಸೀಮಿತಗೊಳಿಸಿದೆ.

‘ಅನುಕಂಪ’ದ ಮೂಲ ಇನ್ನೂ ಸ್ವಾರಸ್ಯಕರ. ಕಂಪ ಎಂದರೆ ನಡುಕ, ಭೂಕಂಪದಲ್ಲಿರುವುದೂ ಇದೇ. ಒಬ್ಬರು ನಡುಗಿದಾಗ ಅವರೊಡನೆ ತಾನೂ ನಡುಗುವುದು ಅನುಕಂಪ. ‘ಸಂತಾಪ’ದಲ್ಲಿರುವುದು ತಾಪ, ಅಂದರೆ ಬೇಗೆ. ಒಡಲುರಿಯನ್ನು ಸೂಚಿಸುತ್ತಿದ್ದ ಈ ಪದ ಇಂದು ಸಂತಾಪ ಸೂಚಕ ಸಭೆಯ ಔಪಚಾರಿಕತೆಗೆ ಇಳಿದಿದೆ. ಅಚ್ಚಗನ್ನಡದ ‘ಮರುಕ’ ಮರುಗು ಎಂಬ ಕ್ರಿಯಾಪದದಿಂದ ಬಂದದ್ದು. ಸಂಸ್ಕೃತದಲ್ಲಿ ದುಷ್ಕೃತ್ಯವೆಂಬ ಅರ್ಥವಿರುವ ‘ಪಾಪ’ವಂತೂ ಕನ್ನಡಿಗರ ಬಾಯಲ್ಲಿ ‘ಅಯ್ಯೋ ಪಾಪ’ ಎಂಬ ಮರುಕದ ಉದ್ಗಾರವಾಗಿದೆ.

ಇಂಗ್ಲಿಷಿನ ‘ಸಿಂಪಥಿ’ಗೆ ಸಹಾನುಭೂತಿ ಎಂಬ ಅನುವಾದ ನೆಲೆಯಾದ ಮೇಲೆ ‘ಎಂಪಥಿ’ಗೆ ಏನೆನ್ನಬೇಕೆಂಬ ಪ್ರಶ್ನೆ ಎದ್ದಿತು. ಎಂಪಥಿ ಹಳೆಯ ಪದವಲ್ಲ. ಜರ್ಮನ್ ಪದವೊಂದಕ್ಕೆ ಸಮಾನವಾಗಿ ಮನೋವಿಜ್ಞಾನಿ ಎಡ್ವರ್ಡ್ ಟಿಚನರ್ 1909ರಲ್ಲಿ ಅದನ್ನು ಬಳಕೆಗೆ ತಂದರು. ಇದಕ್ಕೆ ಕನ್ನಡದಲ್ಲಿ ಪರಾನುಭೂತಿ, ಸಮಾನುಭೂತಿ, ತಾದಾತ್ಮ್ಯ ಎಂಬ ಪದಗಳು ಬಳಕೆಯಲ್ಲಿವೆ. ವಾಸ್ತವವಾಗಿ ಎಂಪಥಿ ಹೇಳಹೊರಟದ್ದನ್ನು ಸಹಾನುಭೂತಿಯ ಮೂಲಾರ್ಥವೇ ಹೇಳುತ್ತಿತ್ತು.

ಇದು ಕೇವಲ ನಿಘಂಟಿನ ಚರ್ಚೆಯಲ್ಲ. ಸೇವೆಯಲ್ಲಿರುವಾಗ ಸರ್ಕಾರಿ ನೌಕರರು ಮೃತಪಟ್ಟರೆ ಅವರ ಕುಟುಂಬದ ಸದಸ್ಯರಿಗೆ ‘ಅನುಕಂಪದ ಆಧಾರದ ಮೇಲೆ’ ಉದ್ಯೋಗ ನೀಡಲು ರಾಜ್ಯದಲ್ಲಿ 1996ರ ನಿಯಮಗಳಿವೆ. ಇಂತಹ ನೇಮಕಾತಿ ಹಠಾತ್ ಸಂಕಷ್ಟದ ಪರಿಹಾರಕ್ಕಾಗಿ ನೀಡುವ ರಿಯಾಯಿತಿಯೇ ಹೊರತು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಸ್ಪಷ್ಟಪಡಿಸಿದೆ. ಅಂಗವಿಕಲರ ವಿಷಯ ಹಾಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಹೆಸರಿನಲ್ಲೇ ‘ಹಕ್ಕು’ ಇದೆ. ಸರ್ಕಾರಿ ಹುದ್ದೆಗಳಲ್ಲಿ ಶೇ. 4ಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ಅದು ವಿಧಿಸುತ್ತದೆ. ‘ಅನುಕಂಪ ಬೇಡ, ಅವಕಾಶ ಕೊಡಿ’ ಎಂಬ ಅವರ ಮಾತಿನ ಹಿಂದಿರುವುದು ಇದೇ ವ್ಯತ್ಯಾಸ. ಒಂದು ಕೊಡುವವರ ಔದಾರ್ಯ, ಮತ್ತೊಂದು ಪಡೆಯುವವರ ಅಧಿಕಾರ.

ಆದ್ದರಿಂದ ಬರೆಯುವಾಗ ಎಚ್ಚರ ಅಗತ್ಯ. ಸಾವಿನ ಸಂದರ್ಭಕ್ಕೆ ಸಂತಾಪ ಸಲ್ಲುತ್ತದೆ. ನೊಂದವರನ್ನು ಸಮಾಧಾನಪಡಿಸುವುದಕ್ಕೆ ಸಾಂತ್ವನ ಎನ್ನಬೇಕು. ದೂರ ನಿಂತು ಮರುಗಿದರೆ ಅದು ಕನಿಕರ. ಮತ್ತೊಬ್ಬರ ಸ್ಥಾನದಲ್ಲಿ ನಿಂತು ಅವರ ನೋವು ನಲಿವುಗಳನ್ನು ಅರಿತಾಗ ಮಾತ್ರ ಸಹಾನುಭೂತಿ ಎಂಬ ಪದಕ್ಕೆ ನ್ಯಾಯ ಸಲ್ಲುತ್ತದೆ.