ಉದ್ಯೋಗ ಹುಡುಕಾಟದಲ್ಲಿ ಕೀಲಿಪದಗಳು: ತುಮಕೂರು ಸೀಮೆಯ ನಿದರ್ಶನ

ಅಂತರ್ಜಾಲದಲ್ಲಿ ಉದ್ಯೋಗ ಅರಸುವವರು ಶೋಧಪೆಟ್ಟಿಗೆಯಲ್ಲಿ ಬರೆಯುವ ಪದಗಳಿಗೆ ಕೀಲಿಪದ ಅಥವಾ ಕೀವರ್ಡ್ ಎಂದು ಹೆಸರು. ಜಾಲತಾಣದ ತಂತ್ರಾಂಶವು ಈ ಪದಗಳನ್ನು ತನ್ನಲ್ಲಿ ಸಂಗ್ರಹವಾಗಿರುವ ಜಾಹೀರಾತುಗಳ ಪದಗಳೊಡನೆ ಹೋಲಿಸಿ, ಹೆಚ್ಚು ಹೊಂದುವಂಥವನ್ನು ಮೊದಲು ತೋರಿಸುತ್ತದೆ. ಆದಕಾರಣ ಹುಡುಕುವವರು ತಮ್ಮ ಕೆಲಸವನ್ನು ಏನೆಂದು ಕರೆಯುತ್ತಾರೆ ಎಂಬುದಕ್ಕಿಂತ, ಜಾಹೀರಾತು ಕೊಡುವ ಸಂಸ್ಥೆ ಅದನ್ನು ಏನೆಂದು ಬರೆಯುತ್ತದೆ ಎಂಬುದೇ ಮುಖ್ಯವಾಗುತ್ತದೆ.

ತುಮಕೂರು ಸೀಮೆಯಲ್ಲಿ ಈ ತಿಳಿವಳಿಕೆಗೆ ವಿಶೇಷ ಮಹತ್ವವಿದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2014ರ ಸೆಪ್ಟೆಂಬರ್ 24ರಂದು ಫುಡ್ ಪಾರ್ಕ್ ಉದ್ಘಾಟನೆಗೊಂಡಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆ ಪ್ರದೇಶದಲ್ಲಿ ನಿರ್ಮಾಣವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು. ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯದಲ್ಲಿಯೂ ಕೈಗಾರಿಕಾ ಪ್ರದೇಶವಿದೆ. ಕೆಲಸದ ಸ್ಥಳ ಮನೆಯ ಸಮೀಪದಲ್ಲೇ ಇದ್ದರೂ, ಸರಿಯಾದ ಪದ ಬಳಸದವರಿಗೆ ಆ ಜಾಹೀರಾತು ಕಾಣದೆ ಹೋಗಬಹುದು.

ಮೊದಲ ತೊಡಕು ಊರಿನ ಹೆಸರಿನದು. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ತುಮ್ಕೂರ್’ ಎಂಬ ಬರವಣಿಗೆ ಅಧಿಕೃತವಾಗಿ ‘ತುಮಕೂರು’ ಎಂದು ಬದಲಾಯಿತಾದರೂ ಹಳೆಯ ರೂಪ ಇನ್ನೂ ಬಳಕೆಯಲ್ಲಿದೆ. ಎಲ್ಲ ಜಾಲತಾಣಗಳೂ ಇವೆರಡನ್ನು ಒಂದೇ ಎಂದು ಗ್ರಹಿಸುತ್ತವೆಂಬ ಭರವಸೆಯಿಲ್ಲದ ಕಾರಣ ಎರಡು ಕಾಗುಣಿತಗಳಲ್ಲೂ ಹುಡುಕುವುದು ಒಳಿತು. ಗುಬ್ಬಿ, ಕುಣಿಗಲ್ ಎಂದಷ್ಟೇ ಬರೆಯದೆ ಕೈಗಾರಿಕಾ ಪ್ರದೇಶದ ಹೆಸರನ್ನೂ, ನಿತ್ಯ ಹೋಗಿಬರಲು ಸಾಧ್ಯವಾಗುವ ದಾಬಸ್‌ಪೇಟೆ, ನೆಲಮಂಗಲಗಳ ಹೆಸರನ್ನೂ ಪರೀಕ್ಷಿಸಬೇಕು.

ಎರಡನೆಯದು ಹುದ್ದೆಯ ಹೆಸರು. ‘ಜಾಬ್’ ಎಂಬ ಪದ ಸಾವಿರಾರು ಸಂಬಂಧವಿಲ್ಲದ ಫಲಿತಾಂಶಗಳನ್ನು ತರುತ್ತದೆ. ಐಟಿಐನಲ್ಲಿ ಟರ್ನರ್ ಅಥವಾ ಮೆಷಿನಿಸ್ಟ್ ಕಲಿತವರಿಗೆ ಒಪ್ಪುವ ಕೆಲಸ ‘ಸಿಎನ್‌ಸಿ ಆಪರೇಟರ್’, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವವರು, ಎಂಬ ಹೆಸರಿನಲ್ಲಿರಬಹುದು. ಬಿಕಾಂ ಪದವೀಧರರಿಗೆ ‘ಅಕೌಂಟ್ಸ್ ಅಸಿಸ್ಟೆಂಟ್’, ‘ಟ್ಯಾಲಿ’, ‘ಜಿಎಸ್‌ಟಿ’ ಎಂಬ ಪದಗಳು ದಾರಿ ತೋರಬಹುದು. ಅನುಭವವಿಲ್ಲದವರು ‘ಫ್ರೆಷರ್’, ‘ಟ್ರೈನಿ’ ಎಂಬವುಗಳ ಜೊತೆಗೆ, 1961ರ ಕಾಯ್ದೆಯಡಿ ವೇತನಭತ್ಯೆಯೊಡನೆ ದೊರೆಯುವ ತರಬೇತಿಯನ್ನು ಸೂಚಿಸುವ ‘ಅಪ್ರೆಂಟಿಸ್’ ಪದವನ್ನೂ ಬಳಸಬೇಕು.

ಪದಗಳನ್ನು ಜೋಡಿಸುವ ಕ್ರಮವೂ ಫಲಿತಾಂಶವನ್ನು ಬದಲಿಸುತ್ತದೆ. ಗೂಗಲ್‌ನಲ್ಲಿ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇರಿಸಿದರೆ ಅದೇ ಅನುಕ್ರಮದ ಪದಗಳಿರುವ ಪುಟಗಳು ಬರುತ್ತವೆ. ಬೇಡವಾದ ಪದದ ಆರಂಭದಲ್ಲಿ ಅಂತರವಿಲ್ಲದೆ ಋಣಚಿಹ್ನೆ ಹಾಕಿದರೆ ಆ ಪದವಿರುವ ಪುಟಗಳು ತೊಲಗುತ್ತವೆ. ಎರಡು ಪದಗಳ ನಡುವೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ಆರ್’ (OR) ಎಂದು ಬರೆದರೆ ಯಾವುದಾದರೊಂದು ಇರುವ ಪುಟಗಳು ದೊರೆಯುತ್ತವೆ. ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಬೂಲ್ (1815–1864) ರೂಪಿಸಿದ ತರ್ಕಗಣಿತವನ್ನು ಆಧರಿಸಿದ್ದರಿಂದ ಈ ಬಗೆಯ ಹುಡುಕಾಟಕ್ಕೆ ಬೂಲಿಯನ್ ಶೋಧನೆ ಎಂಬ ಹೆಸರು ಬಂದಿದೆ.

ಕೇಂದ್ರ ಸರ್ಕಾರ 2015ರ ಜುಲೈ 20ರಂದು ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವೀಸ್ ಎಂಬ ಉದ್ಯೋಗ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಸಂಸ್ಥೆಗಳು ಅಭ್ಯರ್ಥಿಗಳನ್ನು ಆರಿಸುವಾಗಲೂ ಕೀಲಿಪದಗಳನ್ನೇ ಬಳಸುವುದರಿಂದ, ಜಾಹೀರಾತಿನಲ್ಲಿ ಕೇಳಿದ ಕೌಶಲಗಳ ಪೈಕಿ ನಿಜವಾಗಿ ಬಲ್ಲವನ್ನು ಅದೇ ಪದಗಳಲ್ಲಿ ಸ್ವವಿವರದಲ್ಲಿ ನಮೂದಿಸಬೇಕು. ಅರಿಯದ ಕೌಶಲವನ್ನು ಸೇರಿಸಿದರೆ ಸಂದರ್ಶನದಲ್ಲಿ ಅದು ಬಯಲಾಗುತ್ತದೆ. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರನ್ನು ನಂಬಬಾರದು. ಆನ್‌ಲೈನಿನಲ್ಲಿ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಕೀಲಿಪದ ಬಳಸುವ ಈ ವಿದ್ಯೆಗೆ ಖರ್ಚೂ ಇಲ್ಲ, ದೀರ್ಘ ಅಭ್ಯಾಸವೂ ಬೇಕಿಲ್ಲ. ತಮ್ಮ ವೃತ್ತಿಗೆ ಸಂಬಂಧಿಸಿದ ಕೆಲವು ಜಾಹೀರಾತುಗಳನ್ನು ಗಮನವಿಟ್ಟು ಓದಿ, ಮತ್ತೆ ಮತ್ತೆ ಬರುವ ಪದಗಳನ್ನು ಪಟ್ಟಿಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಜಿಲ್ಲೆಯ ಐಟಿಐಗಳೂ ಪದವಿ ಕಾಲೇಜುಗಳೂ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಇದನ್ನು ಪಾಠದ ಭಾಗವಾಗಿಯೇ ಕಲಿಸಬೇಕು. ಹಳ್ಳಿಗಳಿಂದ ಬಂದು ಓದುವ ಮಕ್ಕಳಿಗೆ ಅದು ಅತ್ಯಂತ ಅಗತ್ಯವಾದ ನೆರವು.