‘ಸಾಕು’ ಎನ್ನದ ಸಾಕು ಕೊಯ್ವು

2002ನೆಯ ಇಸವಿ ಏಪ್ರಿಲ್ 9ರ ಸಂಜೆ. ಕೆನಡ ದೇಶದ ಮಾಂಟ್ರಿಯಲ್ ನಗರದ ಕ್ರೀಡಾಮಂದಿರದಲ್ಲಿ 21,000ಕ್ಕೂ ಮಿಕ್ಕ ಜನ ಕಿಕ್ಕಿರಿದು ನೆರೆದಿದ್ದರು. ಆಟ ಇನ್ನೂ ಆರಂಭವಾಗಿರಲಿಲ್ಲ. 11ನೆಯ ಅಂಕೆಯ ಅಂಗಿ ತೊಟ್ಟ ಆಟಗಾರನೊಬ್ಬ ಮಂಜುಗಡ್ಡೆಯ ಅಂಗಳಕ್ಕೆ ಜಾರುತ್ತ ಬಂದನು. ಜನರೆಲ್ಲ ಒಮ್ಮೆಗೇ ಎದ್ದು ನಿಂತರು. ಒಂದು ನಿಮಿಷವಾಯಿತು, ಎರಡಾಯಿತು. ಸುಮಾರು ಎಂಟು ನಿಮಿಷಗಳ ಕಾಲ ಕರತಾಡನ ನಿಲ್ಲಲೇ ಇಲ್ಲ.

ಆತನು ಆ ಋತುವಿನಲ್ಲಿ ಒಂದು ಗೋಲನ್ನೂ ಹೊಡೆದಿರಲಿಲ್ಲ. ಒಂದು ಪಂದ್ಯವನ್ನೂ ಆಡಿರಲಿಲ್ಲ. ಹಾಗಿದ್ದರೆ ಆ ಮಹಾಜನತೆ ಯಾವ ಗೆಲುವಿಗಾಗಿ ಚಪ್ಪಾಳೆ ತಟ್ಟಿತು? ಸಾವಿನೆದುರು ಆಡಿದ ಆಟವನ್ನು ಗೆದ್ದು ಬಂದುದಕ್ಕಾಗಿ.

ಆತನ ಹೆಸರು ಸಾಕು ಕೊಯ್ವು. ಕನ್ನಡದ ಕಿವಿಗೆ ಈ ಹೆಸರು ವಿಚಿತ್ರವಾಗಿ ಕೇಳಿಸುತ್ತದೆ. ಜೀವನದಲ್ಲಿ ಎಂದೂ ‘ಸಾಕು’ ಎನ್ನದವನಿಗೆ ಸಾಕು ಎಂದೇ ಹೆಸರು! ಫಿನ್ನಿಷ್ ಭಾಷೆಯಲ್ಲಿ ‘ಕೊಯ್ವು’ ಎಂದರೆ ಭೂರ್ಜವೃಕ್ಷ. ಉತ್ತರದ ಕೊರೆಯುವ ಚಳಿಯನ್ನು ಸಹಿಸಿ ನಿಲ್ಲುವ ಮರವದು.

ಮಿಂಚಿನ ವೇಗದ ಆಟ

ಹಾಕಿಯೆಂದರೆ ಹುಲ್ಲುಗಾವಲಿನ ಆಟವೆಂದು ತಿಳಿದಿರುವ ನಮಗೆ ಈ ಆಟವೇ ಒಂದು ಸೋಜಿಗ. ಸುಮಾರು 60 ಮೀಟರು ಉದ್ದದ ಮಂಜುಗಡ್ಡೆಯ ಅಂಗಳ. ಕಾಲಿಗೆ ಉಕ್ಕಿನ ಅಲಗುಳ್ಳ ಬೂಟು. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಗೋಲುರಕ್ಷಕನೂ ಸೇರಿ ಒಂದೊಂದು ಪಕ್ಷದಲ್ಲಿ ಆರು ಮಂದಿ. ತಲಾ 20 ನಿಮಿಷಗಳ ಮೂರು ಆವೃತ್ತಿ. ಆಟದ ಬಿರುಸು ಎಂಥದೆಂದರೆ, ಆಟಗಾರರು ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಆಡಿ ಹೊರಗೆ ಬರುತ್ತಾರೆ. ಇತರರು ಒಳಗೆ ಧಾವಿಸುತ್ತಾರೆ. ಮೈಗೆ ಮೈ ಡಿಕ್ಕಿ ಹೊಡೆಯುವುದು ಇಲ್ಲಿ ತಪ್ಪಲ್ಲ, ಆಟದ ಒಂದು ಅಂಗವೇ. ಆದುದರಿಂದಲೇ ಆಜಾನುಬಾಹುಗಳಿಗೆ ಇಲ್ಲಿ ಹೆಚ್ಚಿನ ಬೆಲೆ. ಕೊಯ್ವುವಿನ ಎತ್ತರವಾದರೋ 5 ಅಡಿ 10 ಅಂಗುಲ. ನಮ್ಮಲ್ಲಿ ಎತ್ತರದವನೆನಿಸಬಹುದಾದ ಈತ ಅಲ್ಲಿ ಕುಳ್ಳ! ದೇಹದ ಕೊರತೆಯನ್ನು ಆತ ಚುರುಕುಬುದ್ಧಿಯಿಂದ ತುಂಬಿಕೊಂಡನು. ಗೋಲು ಹೊಡೆಯುವುದಕ್ಕಿಂತ ಜೊತೆಗಾರನಿಗೆ ಗೋಲಿನ ಅವಕಾಶ ಕಲ್ಪಿಸಿಕೊಡುವುದರಲ್ಲಿ ಆತ ಹೆಚ್ಚು ನಿಪುಣ.

ತುರ್ಕು ನಗರದ ಹುಡುಗ

ಔರಾ ನದಿಯ ದಡದಲ್ಲಿರುವ ತುರ್ಕು ಫಿನ್ಲೆಂಡಿನ ಅತ್ಯಂತ ಹಳೆಯ ಪಟ್ಟಣ. 1974ರ ನವೆಂಬರ್ 23ರಂದು ಸಾಕು ಅಲ್ಲಿ ಜನಿಸಿದನು. ಊರಿನ ಟಿಪಿಎಸ್ ತಂಡದಲ್ಲಿ ಬೆಳೆದ ಹುಡುಗನ ಮೇಲೆ ದೂರದ ಮಾಂಟ್ರಿಯಲ್ ಕೆನಡಿಯನ್ಸ್ ತಂಡದ ಕಣ್ಣು ಬಿತ್ತು. 1993ರಲ್ಲಿ ಆತನನ್ನು 21ನೆಯ ಆಯ್ಕೆಯಾಗಿ ಅದು ಆರಿಸಿಕೊಂಡಿತು.

ಕಡಲು ದಾಟುವ ಮುನ್ನ ಸ್ವದೇಶದ ಒಂದು ಋಣವನ್ನು ಆತ ತೀರಿಸಬೇಕಾಗಿತ್ತು. ಸುಮಾರು 50 ಲಕ್ಷ ಜನರ ಫಿನ್ಲೆಂಡಿಗೆ ನೆರೆಯ ಸ್ವೀಡನ್ ಹಳೆಯ ಪ್ರತಿಸ್ಪರ್ಧಿ. ಶತಮಾನಗಳ ಕಾಲ ಈ ನಾಡನ್ನು ಆಳಿದ ದೇಶವೂ ಹೌದು. 1995ರ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ, ಅದೂ ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿಯೇ, ಫಿನ್ಲೆಂಡ್ 4-1 ಗೋಲುಗಳಿಂದ ಸ್ವೀಡನ್ನನ್ನು ಸೋಲಿಸಿತು. ಆ ದೇಶಕ್ಕೆ ಅದೇ ಮೊದಲ ವಿಶ್ವಪ್ರಶಸ್ತಿ. ವಿಲ್ಲೆ ಪೆಲ್ಟೋನೆನ್, ಯೆರೆ ಲೆಹ್ಟಿನೆನ್ ಮತ್ತು ಕೊಯ್ವು ಒಂದೇ ಸಾಲಿನಲ್ಲಿ ಆಡಿದ ಮೂವರು. ಡೊನಾಲ್ಡ್ ಡಕ್ಕನ ಮೂವರು ಸೋದರಳಿಯಂದಿರ ಫಿನ್ನಿಷ್ ಹೆಸರುಗಳನ್ನೇ ಜನ ಇವರಿಗೆ ಪ್ರೀತಿಯಿಂದ ಇಟ್ಟಿದ್ದರು. ಅಂದು ಪೆಲ್ಟೋನೆನ್ನನೊಬ್ಬನೇ ಮೂರು ಗೋಲು ಹೊಡೆದನು.

ಪರದೇಶದ ನಾಯಕತ್ವ

ಅದೇ ವರ್ಷ ಕೊಯ್ವು ಮಾಂಟ್ರಿಯಲ್ ಸೇರಿದನು. 1909ರಲ್ಲಿ ಸ್ಥಾಪನೆಯಾದ, 24 ಬಾರಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡವದು. ಫ್ರೆಂಚ್ ನುಡಿಯುವ ಆ ನಾಡಿನವರಿಗೆ ಅದು ಬರಿಯ ಆಟದ ತಂಡವಲ್ಲ, ಸ್ವಾಭಿಮಾನದ ಕುರುಹು. 1999ರಲ್ಲಿ ಕೊಯ್ವು ಅದರ ನಾಯಕನಾದಾಗ, ಆ ಪಟ್ಟವೇರಿದ ಮೊದಲ ಯೂರೋಪಿಯನನೆನಿಸಿದನು. ಮೊಣಕಾಲಿನ ಪೆಟ್ಟು ಮಾತ್ರ 1996ರಿಂದಲೇ ಆತನನ್ನು ಬೆನ್ನಟ್ಟಿತ್ತು. ವರ್ಷವರ್ಷವೂ ಎಷ್ಟೋ ಪಂದ್ಯಗಳನ್ನು ಕಳೆದುಕೊಳ್ಳಬೇಕಾಯಿತು. ಆದರೆ ನಿಜವಾದ ಪರೀಕ್ಷೆ ಇನ್ನೂ ಮುಂದಿತ್ತು.

2001ರ ಸೆಪ್ಟೆಂಬರಿನಲ್ಲಿ ಫಿನ್ಲೆಂಡಿನಿಂದ ಮರಳುವಾಗಲೇ ವಿಮಾನದಲ್ಲಿ ಹೊಟ್ಟೆನೋವು, ವಾಂತಿ. ತಂಡದ ವೈದ್ಯರಾದ ಡೇವಿಡ್ ಮಲ್ಡರ್ ತಪಾಸಣೆ ಮಾಡಿಸಿದರು. ಬಂದ ಉತ್ತರ ಭಯಂಕರವಾಗಿತ್ತು: ದುಗ್ಧರಸ ವ್ಯೂಹಕ್ಕೆ ತಗಲುವ, ನಾನ್-ಹಾಡ್ಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರ್. ಆಗ ಆತನಿಗೆ ಇನ್ನೂ 26 ವರ್ಷ.

ಆ ಋತು ಮುಗಿದಂತೆಯೇ ಎಂದು ಎಲ್ಲರೂ ಬಗೆದರು. ಆಡುವುದಿರಲಿ, ಉಳಿಯುವನೇ ಎಂಬುದೇ ಸಂದೇಹವಾಗಿತ್ತು. ತಿಂಗಳುಗಟ್ಟಲೆ ಉಗ್ರವಾದ ಔಷಧಗಳ ಚಿಕಿತ್ಸೆ ನಡೆಯಿತು. ತಲೆಗೂದಲು ಉದುರಿತು, ದೇಹ ಬಡವಾಯಿತು. ರೋಗ ಹಿಮ್ಮೆಟ್ಟಿತೆಂದು ತಿಳಿದ ಬಳಿಕ ಆತ ಮತ್ತೆ ಸ್ಕೇಟ್ ಕಟ್ಟಿಕೊಂಡು ಮೊದಲಿನಿಂದ ಅಭ್ಯಾಸಕ್ಕೆ ತೊಡಗಿದನು. ಏಳು ತಿಂಗಳು ಕಳೆದ ಮೇಲೆ ಬಂದದ್ದೇ ನಾವು ಆರಂಭದಲ್ಲಿ ಕಂಡ ಆ ಏಪ್ರಿಲ್ ಸಂಜೆ. ಅಂದು ಒಟಾವ ತಂಡವನ್ನು 4-3ರಿಂದ ಸೋಲಿಸಿ ಮಾಂಟ್ರಿಯಲ್ ಮುಂದಿನ ಸುತ್ತುಗಳಿಗೆ ಅರ್ಹತೆ ಪಡೆಯಿತು. ಆ ಸುತ್ತುಗಳ 12 ಪಂದ್ಯಗಳಲ್ಲಿ ನಾಯಕ 10 ಅಂಕ ಗಳಿಸಿದನು. ಧೃತಿ ಮತ್ತು ನಿಷ್ಠೆಗಾಗಿ ನೀಡುವ ಬಿಲ್ ಮಾಸ್ಟರ್‌ಟನ್ ಪಾರಿತೋಷಕ ಆ ವರ್ಷ ಆತನದಾಯಿತು. ಮರುವರ್ಷ 71 ಅಂಕ ಗಳಿಸಿದನು. ಅದುವರೆಗೆ ಅದು ಆತನ ಅತ್ಯುತ್ತಮ ಸಾಧನೆ.

ಯಂತ್ರವೊಂದರ ಕಥೆ

ಚಿಕಿತ್ಸೆಯ ಕಾಲದಲ್ಲಿ ಕೊಯ್ವುವಿಗೆ ಒಂದು ಅನುಭವವಾಗಿತ್ತು. ದೇಹದೊಳಗಿನ ಗಂತಿಗಳನ್ನು ಪತ್ತೆಹಚ್ಚುವ ‘ಪೆಟ್ ಸ್ಕ್ಯಾನ್’ ಪರೀಕ್ಷೆಗಾಗಿ ಆತ ಮಾಂಟ್ರಿಯಲ್ ಬಿಟ್ಟು ಶೆರ್‌ಬ್ರೂಕ್ ಪಟ್ಟಣಕ್ಕೆ ಹೋಗಬೇಕಾಯಿತು. ಹೆಸರುವಾಸಿ ಆಟಗಾರನ ಪಾಡೇ ಹೀಗಾದರೆ ಸಾಮಾನ್ಯ ರೋಗಿಗಳ ಗತಿಯೇನು? ಗುಣಮುಖನಾದ ಮೇಲೆ ಆತ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ಹಣ ಕೂಡಿಸಿ, ಮಾಂಟ್ರಿಯಲ್ ಜನರಲ್ ಆಸ್ಪತ್ರೆಗೆ ಅಂಥ ಯಂತ್ರ ಬರುವಂತೆ ಮಾಡಿದನು. ಕಪ್ಪುಗಳ ಲೆಕ್ಕದಲ್ಲಿ ಸೇರದಿದ್ದರೂ ಇದು ಯಾವ ಕಪ್ಪಿಗೂ ಕಡಿಮೆಯಾದ ಗೆಲುವಲ್ಲ.

ಮುಂದಿನ ದಾರಿಯೂ ಹೂವಿನದಾಗಿರಲಿಲ್ಲ. 2006ರ ಟ್ಯೂರಿನ್ ಒಲಿಂಪಿಕ್ಸಿನಲ್ಲಿ ಈತನ ನಾಯಕತ್ವದ ಫಿನ್ಲೆಂಡ್ ಅಂತಿಮ ಪಂದ್ಯದಲ್ಲಿ ಅದೇ ಸ್ವೀಡನ್ನಿಗೆ 3-2ರಿಂದ ಸೋತಿತು. ಆ ವಸಂತದಲ್ಲಿಯೇ ಎದುರಾಳಿಯ ಕೋಲು ಎಡಗಣ್ಣಿಗೆ ತಗಲಿ ದೃಷ್ಟಿಗೆ ಶಾಶ್ವತವಾದ ಊನ ಉಂಟಾಯಿತು. ನಾಯಕನಾಗಿಯೂ ಫ್ರೆಂಚ್ ಮಾತನಾಡುವುದಿಲ್ಲವೆಂದು 2007ರಲ್ಲಿ ನಾಡಿನ ಭಾಷಾಭಿಮಾನಿಗಳು ಆಕ್ಷೇಪವೆತ್ತಿದರು. ಇಷ್ಟಾದರೂ ಹತ್ತು ವರ್ಷ ಆತ ನಾಯಕನಾಗಿಯೇ ಉಳಿದನು. 2009ರಲ್ಲಿ ಅಮೆರಿಕದ ಅನಹೈಮ್ ತಂಡ ಸೇರಿ, 1,124 ಪಂದ್ಯಗಳಲ್ಲಿ 832 ಅಂಕ ಗಳಿಸಿ, 2014ರಲ್ಲಿ ನಿವೃತ್ತನಾದನು. ನಾಲ್ಕು ಒಲಿಂಪಿಕ್ ಪದಕಗಳು ಆತನ ಕೊರಳನ್ನು ಅಲಂಕರಿಸಿದುವು. ಆದರೆ ಸ್ಟ್ಯಾನ್ಲಿ ಕಪ್ ಮಾತ್ರ ಕೊನೆಗೂ ಕೈಗೆಟುಕಲಿಲ್ಲ.

ಅದೇ 2014ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ತನ್ನ ಹಳೆಯ ನಾಯಕನನ್ನು ಕರೆಸಿ ಸನ್ಮಾನಿಸಿತು. ಕಪ್ಪನ್ನು ತಂದುಕೊಡಲಾರದೆ ಹೋದ ಪರದೇಶಿಯನ್ನು ಊರು ಮರೆತಿರಲಿಲ್ಲ. ಅಲ್ಲಿನ ಆಸ್ಪತ್ರೆಗೆ ಬಂದ ರೋಗಿಗಳಿಗೆ ಶೆರ್‌ಬ್ರೂಕಿನ ದಾರಿ ತಪ್ಪಿದ್ದುದೂ ಆ ಪರದೇಶಿಯಿಂದಲೇ ಅಲ್ಲವೇ?